ಭಜನೆಯ ಗೋಷ್ಠಿಯೂ ಹೊಸ ಕೊರಳೂ

ಧ್ಯಾನಕ್ಕೆ ಒಬ್ಬನು ಸಾಕು. ಪೂಜೆಗೂ ಒಬ್ಬನು ಸಾಕು. ಭಜನೆಗೆ ಮಾತ್ರ ಒಬ್ಬನು ಸಾಲನು. ಒಬ್ಬನು ಹೇಳಬೇಕು, ಹತ್ತು ಜನ ಅದನ್ನು ಎತ್ತಿಕೊಳ್ಳಬೇಕು. ಹತ್ತು ಜನ ಎತ್ತಿಕೊಂಡುದನ್ನು ಕೇಳಿ ಹೇಳಿದವನ ಮನಸ್ಸು ಮತ್ತೆ ಹಿಗ್ಗಬೇಕು. ಭಜನೆಯ ಸುಖವೆಲ್ಲ ಈ ಕೊಡುಕೊಳ್ಳುವಿಕೆಯಲ್ಲಿ ಅಡಗಿದೆ. ಆದುದರಿಂದಲೇ ಭಜನೆಯ ಗೋಷ್ಠಿಗೆ ಯಾರು ಬರುತ್ತಾರೆ, ಬಂದವರನ್ನು ಹಳಬರು ಹೇಗೆ ಕಾಣುತ್ತಾರೆ ಎಂಬುದು ಕೇವಲ ವ್ಯವಸ್ಥೆಯ ಮಾತಲ್ಲ; ಅದು ಧರ್ಮದ ಮಾತೂ ಹೌದು.

ತುಮಕೂರು, ಗುಬ್ಬಿ, ಕುಣಿಗಲು ಸೀಮೆಯ ಅನೇಕ ಗ್ರಾಮಗಳಲ್ಲಿ ರಾಮಮಂದಿರವೆಂದೋ ಭಜನೆಯ ಮನೆಯೆಂದೋ ಕರೆಯುವ ಒಂದು ಚಿಕ್ಕ ಕಟ್ಟಡವಿರುವುದನ್ನು ಎಲ್ಲರೂ ಬಲ್ಲರು. ಶನಿವಾರದ ಸಂಜೆ, ಏಕಾದಶಿಯ ರಾತ್ರಿ, ಧನುರ್ಮಾಸದ ಚಳಿಯ ಬೆಳಗು, ಇವು ಅಲ್ಲಿ ತಾಳದ ಸದ್ದು ಕೇಳುವ ಕಾಲಗಳು. ಇಂತಹ ಗೋಷ್ಠಿಗಳ ಬಾಳು ಸಾಮಾನ್ಯವಾಗಿ ಒಂದೇ ಬಗೆಯಾಗಿರುತ್ತದೆ. ನಾಲ್ಕಾರು ಉತ್ಸಾಹಿಗಳು ಸೇರಿ ಆರಂಭಿಸುವರು. ಹಾರ್ಮೋನಿಯಂ ಬರುವುದು, ತಬಲ ಬರುವುದು, ಊರು ನೆರೆಯುವುದು. ಇಪ್ಪತ್ತು ಮೂವತ್ತು ವರ್ಷ ಕಳೆಯುವುದರೊಳಗೆ ಅದೇ ನಾಲ್ಕಾರು ಮಂದಿ ಮುದುಕರಾಗಿರುವರು. ಒಬ್ಬರಿಗೆ ಉಸಿರು ಸಾಲದು, ಇನ್ನೊಬ್ಬರಿಗೆ ಕಣ್ಣು ಕಾಣದು. ಊರಿನ ಯುವಕರು ಹೊಟ್ಟೆಯ ಪಾಡಿಗಾಗಿ ಬೆಂಗಳೂರಿನ ದಾರಿ ಹಿಡಿದಿರುವರು. ಹಾಡುಗಳು ಅವೇ, ತಾಳ ಅದೇ, ದೀಪವೂ ಅದೇ. ಆದರೆ ಹಾಡು ಮುಗಿದ ಮೇಲೆ ಮನೆಗೆ ಹಿಂದಿರುಗುವವರ ಮುಖದಲ್ಲಿ ಒಂದು ಕರ್ತವ್ಯವನ್ನು ತೀರಿಸಿದ ಬಳಲಿಕೆ ಕಾಣುವುದೇ ಹೊರತು ಹಿಗ್ಗು ಕಾಣದು. ಇಂತಹ ಹೊತ್ತಿನಲ್ಲಿ ಮೂವರು ನಾಲ್ವರು ಹೊಸಬರು ಬಂದು ಕುಳಿತರೆ ಗೋಷ್ಠಿ ಮರುಜೀವ ಪಡೆಯುವುದೂ ಉಂಟು, ಒಡೆದು ಎರಡಾಗುವುದೂ ಉಂಟು. ಎರಡಕ್ಕೂ ಕಾರಣ ಹೊಸಬರೇ ಎಂದು ಜನ ಹೇಳುವರು. ಆ ಮಾತು ಎಷ್ಟರಮಟ್ಟಿಗೆ ನಿಜವೆಂಬುದು ವಿಚಾರ ಮಾಡತಕ್ಕ ಸಂಗತಿ.

ತುಮಕೂರಿನ ಮಗ್ಗುಲಲ್ಲಿರುವ ಸಿದ್ಧಗಂಗೆಯಲ್ಲಿ ಈ ವಿಚಾರಕ್ಕೆ ಒಂದು ದೊಡ್ಡ ನಿದರ್ಶನವುಂಟು. ಅಲ್ಲಿ ಬೆಳಗೂ ಬೈಗೂ ಸಾವಿರಾರು ಮಂದಿ ವಿದ್ಯಾರ್ಥಿಗಳು ಬಯಲಿನಲ್ಲಿ ಸಾಲಾಗಿ ಕುಳಿತು ಒಟ್ಟಿಗೆ ಪ್ರಾರ್ಥನೆಮಾಡುವರು. 1941ರಲ್ಲಿ ಮಠದ ಭಾರವನ್ನು ವಹಿಸಿ 2019ರಲ್ಲಿ ಶಿವೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ಈ ಸಾಮೂಹಿಕ ಪ್ರಾರ್ಥನೆಯು ನಾಡಿಗೆಲ್ಲ ಪರಿಚಿತವಾಯಿತು. ಜಾತಿಮತಗಳ ಭೇದವಿಲ್ಲದೆ ಸೇರಿದ ಬಾಲಕರು ಅಲ್ಲಿ ಉಂಡು, ಓದಿ, ಕೆಲವು ವರ್ಷಗಳ ತರುವಾಯ ಹೊರಟುಹೋಗುವರು. ಪ್ರತಿ ವರ್ಷ ಬೇಸಗೆ ಕಳೆಯುವುದರೊಳಗೆ ದೊಡ್ಡ ತಂಡವೊಂದು ಮಠವನ್ನು ಬಿಡುವುದು. ಮಳೆ ಆರಂಭವಾಗುವ ಹೊತ್ತಿಗೆ, ತಾಯಿಯ ಸೆರಗನ್ನು ಬಿಟ್ಟು ಬಂದ ಇನ್ನೊಂದು ತಂಡ ಆ ಜಾಗದಲ್ಲಿ ಕುಳಿತಿರುವುದು. ಈ ಹೊಸ ಹುಡುಗರಿಗೆ ಮೊದಲ ದಿನ ಒಂದು ಸಾಲೂ ಬಾರದು. ಪಕ್ಕದವನ ತುಟಿಯನ್ನು ನೋಡಿ ತಾವೂ ತುಟಿ ಅಲುಗಿಸುವರು. ತಿಂಗಳು ಕಳೆದರೆ ಅವರ ಧ್ವನಿ ಆ ದೊಡ್ಡ ಧ್ವನಿಯಲ್ಲಿ ಸೇರಿಹೋಗುವುದು. ಮರುವರ್ಷ ಅವರ ತುಟಿಯನ್ನು ಬೇರೊಬ್ಬನು ನೋಡುವನು. ಹಾಡುವವರು ಬದಲಾಗುತ್ತಿದ್ದರೂ ಪ್ರಾರ್ಥನೆ ನಿಂತಿಲ್ಲ. ನಿಲ್ಲದಿರುವುದಕ್ಕೆ ಕಾರಣವೇ ಹಾಡುವವರು ಬದಲಾಗುತ್ತಿರುವುದು ಎಂದರೆ ಹೆಚ್ಚು ಸರಿಯಾದೀತು.

ದೂರದ ಜರ್ಮನಿ ದೇಶದ ಲೈಪ್ಸಿಗ್ ನಗರದಲ್ಲಿಯೂ ಇಂತಹುದೇ ಒಂದು ಸಂಸ್ಥೆಯಿದೆ. ಅಲ್ಲಿನ ಸಂತ ತೋಮಸನ ದೇವಾಲಯದ ಬಾಲಗಾಯಕರ ಮೇಳವು 1212ರಲ್ಲಿ ಹುಟ್ಟಿತು. ಜಗತ್ಪ್ರಸಿದ್ಧ ವಾಗ್ಗೇಯಕಾರನಾದ ಬಾಖನು 1723ರಿಂದ 1750ರವರೆಗೆ ಆ ಮೇಳಕ್ಕೆ ಗುರುವಾಗಿದ್ದನು. ಬಾಲಕನ ಕೊರಳು ಒಡೆದೊಡನೆ ಅವನು ಮೇಲುಸ್ಥಾಯಿಯನ್ನು ಬಿಟ್ಟುಕೊಡಲೇಬೇಕು. ಆ ಸ್ಥಾನಕ್ಕೆ ಇನ್ನೊಬ್ಬ ಪುಟ್ಟ ಹುಡುಗ ಬರಲೇಬೇಕು. ಎಂಟು ಶತಮಾನಗಳ ಆ ಹಾಡಿಕೆಯಲ್ಲಿ ಯಾವ ಕೊರಳೂ ಕೆಲವು ವರ್ಷಗಳಿಗಿಂತ ಹೆಚ್ಚು ಕಾಲ ಮೇಲುಸ್ಥಾಯಿಯಲ್ಲಿ ನಿಂತುದಿಲ್ಲ. ಸಿದ್ಧಗಂಗೆಯ ಬಯಲಿಗೂ ಲೈಪ್ಸಿಗ್ಗಿನ ದೇವಾಲಯಕ್ಕೂ ಮತ ಬೇರೆ, ಭಾಷೆ ಬೇರೆ, ಸಂಗೀತ ಬೇರೆ. ಆದರೂ ಎರಡೂ ಒಂದೇ ಪಾಠವನ್ನು ಹೇಳುವುವು: ಬಿಟ್ಟುಕೊಡುವುದನ್ನು ಕಲಿತ ಗೋಷ್ಠಿಯೇ ಬಾಳುವುದು.

ಈ ಎರಡು ಕಡೆಗಳಲ್ಲಿಯೂ ಬದಲಾವಣೆ ತಾನಾಗಿ ನಡೆಯುವುದು. ವಯಸ್ಸೋ ವಿದ್ಯಾಭ್ಯಾಸದ ಮುಕ್ತಾಯವೋ ಹಳಬನನ್ನು ಎಬ್ಬಿಸುವುದು. ಊರಿನ ಭಜನೆಯ ಮನೆಯಲ್ಲಿ ಅಂತಹ ಕಟ್ಟು ಯಾವುದೂ ಇಲ್ಲ. ಅಲ್ಲಿ ನಲವತ್ತು ವರ್ಷ ತಾಳ ಹಿಡಿದವರನ್ನು ತಾಳ ಇಡಿರೆಂದು ಯಾರೂ ಹೇಳಲಾರರು, ಹೇಳಲೂ ಬಾರದು. ಹಾಗಿರಲಾಗಿ, ಶಾಲೆಯಲ್ಲಿ ಕಾಲವು ಮಾಡುವ ಕೆಲಸವನ್ನು ಇಲ್ಲಿ ಮನುಷ್ಯನ ಸದ್ಗುಣವೇ ಮಾಡಬೇಕಾಗಿದೆ.

ಹೊಸಬನು ತರುವುದಾದರೂ ಏನನ್ನು? ಹುರುಪು, ಏರುದನಿ, ಗಟ್ಟಿಯಾದ ಉಸಿರು ಎಂದು ಮೇಲುನೋಟಕ್ಕೆ ತೋರುವುದು. ಇವು ಸಣ್ಣ ಕಾಣಿಕೆಗಳಲ್ಲ. ಹತ್ತು ಮಂದಿ ಹಾಡುವಲ್ಲಿ ಒಬ್ಬನು ಉಸಿರೆಳೆದುಕೊಳ್ಳುವಾಗ ಉಳಿದವರು ಸ್ವರವನ್ನು ಹಿಡಿದಿರುವರು. ನಾಲ್ವರೇ ಆದರೆ ಆ ನೆರವು ಇಲ್ಲ. ಆದರೆ ಇದಕ್ಕಿಂತ ದೊಡ್ಡ ಕಾಣಿಕೆಯೊಂದುಂಟು. ಹೊಸಬನಿಗೆ ಹಾಡು ಗೊತ್ತಿಲ್ಲ. ಗೊತ್ತಿಲ್ಲವಾದುದರಿಂದ ಕೇಳುವನು: ಈ ಪದಕ್ಕೆ ಅರ್ಥವೇನು? ಇಲ್ಲಿ ಏಕೆ ನಿಲ್ಲಬೇಕು? ಈ ಅಂಕಿತ ಯಾರದು? ನಲವತ್ತು ವರ್ಷ ಹಾಡಿದವರು ಆ ಪ್ರಶ್ನೆಗೆ ಉತ್ತರ ಹುಡುಕಲು ಹೊರಟಾಗ, ತಾವು ಹಾಡುತ್ತಿದ್ದ ಮಾತುಗಳ ಮೇಲೆ ತಮ್ಮ ಗಮನ ಎಂದೋ ತಪ್ಪಿಹೋಗಿತ್ತೆಂಬುದು ಅವರಿಗೆ ತಿಳಿಯುವುದು. ನಾಲಗೆಗೆ ರೂಢಿಯಾದುದು ಮನಸ್ಸಿಗೆ ದೂರವಾಗಿತ್ತು. ಕಲಿಸುವ ನೆಪದಲ್ಲಿ ಅವರು ಆ ಹಾಡನ್ನು ಎರಡನೆಯ ಸಲ ಕಲಿಯುವರು. ಗೋಷ್ಠಿಗೆ ಬರುವ ಹೊಸ ಚೈತನ್ಯದಲ್ಲಿ ಮುಕ್ಕಾಲು ಪಾಲು ಹೀಗೆ ಹಳಬರಲ್ಲಿಯೇ ಹುಟ್ಟಿದುದು. ಹೊಸಬನು ಅದಕ್ಕೆ ನಿಮಿತ್ತ ಮಾತ್ರ.

ದೇವರಾಯನದುರ್ಗವು ನರಸಿಂಹನ ಕ್ಷೇತ್ರ. ಬೆಟ್ಟದ ಕೆಳಗಣ ಗುಡಿಯಲ್ಲಿ ಭೋಗನರಸಿಂಹನೂ ಮೇಲಣ ಗುಡಿಯಲ್ಲಿ ಯೋಗನರಸಿಂಹನೂ ನೆಲಸಿರುವರು. ನರಸಿಂಹನೆಂದೊಡನೆ ನೆನಪಾಗುವವನು ಪ್ರಹ್ಲಾದ. ಜನ ಸಾಮಾನ್ಯವಾಗಿ ಕಂಬ ಒಡೆದ ಪ್ರಸಂಗವನ್ನು ನೆನೆಯುವರು. ಭಾಗವತದ ಏಳನೆಯ ಸ್ಕಂಧದಲ್ಲಿ ಅದಕ್ಕೆ ಮೊದಲು ಬರುವ ಇನ್ನೊಂದು ಪ್ರಸಂಗವನ್ನು ಅಷ್ಟಾಗಿ ನೆನೆಯರು. ಗುರುಗಳು ಇಲ್ಲದ ಹೊತ್ತಿನಲ್ಲಿ ಆಟಕ್ಕೆ ಕರೆದ ಸಹಪಾಠಿಗಳನ್ನು ಪ್ರಹ್ಲಾದನು ಸುತ್ತ ಕೂರಿಸಿಕೊಂಡು ಭಗವಂತನ ವಿಷಯ ಹೇಳುವನು. ಆ ಹುಡುಗರೆಲ್ಲ ಅಸುರರ ಮಕ್ಕಳು. ಯಾವ ಹಿರಿಯನ ಅಪ್ಪಣೆಯೂ ಇಲ್ಲದೆ, ಹಿರಿಯರ ಇಷ್ಟಕ್ಕೆ ವಿರೋಧವಾಗಿಯೇ, ಮಕ್ಕಳಿಂದ ಕೂಡಿದ ಗೋಷ್ಠಿ ಅದು. ಭಕ್ತಿಯ ವಿಷಯದಲ್ಲಿ ವಯಸ್ಸು ಅಧಿಕಾರವನ್ನು ಕೊಡುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಅದೇ ಪ್ರಹ್ಲಾದನು ತಂದೆಯ ಮುಂದೆ ಭಕ್ತಿಯ ಒಂಬತ್ತು ಬಗೆಗಳನ್ನು ಎಣಿಸುವಾಗ ಶ್ರವಣವನ್ನು ಮೊದಲು ಹೇಳಿ ಕೀರ್ತನೆಯನ್ನು ಎರಡನೆಯದಾಗಿ ಹೇಳಿದನು. ಈ ಕ್ರಮವು ವಿಚಾರಾರ್ಹವಾದುದು. ಹಾಡುವುದಕ್ಕೆ ಮುಂಚೆ ಕೇಳಬೇಕು. ಹೊಸಬನಿಗೆ ಇದು ನೇರವಾಗಿ ಅನ್ವಯಿಸುವುದು: ಬಂದ ವಾರವೇ ಮುಂದೆ ಕುಳಿತು ಹೇಳಿಕೊಡಲು ಹೊರಡುವವನು ಮೊದಲ ಮೆಟ್ಟಲನ್ನು ಬಿಟ್ಟು ಎರಡನೆಯದಕ್ಕೆ ಕಾಲಿಟ್ಟವನು. ಆದರೆ ಹಳಬನಿಗೂ ಇದು ಅನ್ವಯಿಸುವುದೆಂಬುದನ್ನು ಮರೆಯಬಾರದು. ಕೀರ್ತನೆ ಬಂದಿತೆಂದು ಶ್ರವಣ ಮುಗಿಯಿತೆಂದಲ್ಲ. ಪಕ್ಕದ ಹೊಸ ಕೊರಳನ್ನು ಕೇಳದೆ ತನ್ನ ಕೊರಳನ್ನೇ ಕೇಳಿಕೊಳ್ಳುವವನು, ಎಷ್ಟು ವರ್ಷ ಹಾಡಿದ್ದರೂ, ಗೋಷ್ಠಿಯ ಹೊರಗೇ ಇದ್ದಾನೆ.

ಹಿರಿಯರ ಕಡೆಯ ದೂರುಗಳನ್ನೂ ನ್ಯಾಯವಾಗಿ ಕೇಳಬೇಕು. ಹೊಸಬರು ಚಲಚ್ಚಿತ್ರದ ಧಾಟಿಗಳನ್ನು ತರುವರು. ನಿಧಾನವಾಗಿ ಹೇಳಬೇಕಾದುದನ್ನು ಓಡಿಸುವರು. ಹಳೆಯ ಮಟ್ಟು ಕೆಡುವುದು. ಈ ದೂರಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಅರ್ಥಕ್ಕೂ ರಾಗಕ್ಕೂ ಹೊಂದಿಕೆ ತಪ್ಪಿದರೆ ದೈನ್ಯದ ಹಾಡು ಕುಣಿತದ ಹಾಡಾಗುವುದು. ಆದರೆ ಹಳೆಯ ಮಟ್ಟು ಎಂಬುದು ಎಷ್ಟು ಹಳೆಯದು? 1564ರಲ್ಲಿ ದೇಹವನ್ನು ಬಿಟ್ಟರೆಂದು ಹೇಳಲಾಗುವ ಪುರಂದರದಾಸರು ತಮ್ಮ ಪದಗಳನ್ನು ಯಾವ ಮಟ್ಟಿನಲ್ಲಿ ಹಾಡಿದರೋ ಆ ಮಟ್ಟುಗಳು ಬಹುಮಟ್ಟಿಗೆ ಉಳಿದುಬಂದಿಲ್ಲ. ಈಗ ಕೇಳಿಬರುವ ಧಾಟಿಗಳಲ್ಲಿ ಹೆಚ್ಚಿನವು ತರುವಾಯದ ಗಾಯಕರು ಕೂಡಿಸಿದುವು. ಪ್ರತಿಯೊಂದು ಹಳೆಯ ಮಟ್ಟೂ ಒಂದು ಕಾಲದಲ್ಲಿ ಯಾರೋ ಹೊಸಬನು ತಂದ ಮಟ್ಟೇ.

ಹಾರ್ಮೋನಿಯಂ ವಾದ್ಯದ ಕಥೆಯೂ ಹೀಗೆಯೇ. ಅದು ಯೂರೋಪಿನಿಂದ ಬಂದ ವಾದ್ಯ. 19ನೆಯ ಶತಮಾನದಲ್ಲಿ ಈ ದೇಶಕ್ಕೆ ಬಂದು ನೆಲಸಿತು. ಶ್ರುತಿಶುದ್ಧಿಗೆ ಭಂಗ ತರುವುದೆಂದು ಪಂಡಿತರು ಅದನ್ನು ಹಳಿದರು. ಭಾರತದ ರೇಡಿಯೋ ಸಂಸ್ಥೆಯು 1940ರಲ್ಲಿ ಅದನ್ನು ತನ್ನ ನಿಲಯಗಳಿಂದ ಬಹಿಷ್ಕರಿಸಿತು. ಮೂರು ದಶಕಗಳ ಮೇಲೆ ಆ ಕಟ್ಟು ಸಡಿಲವಾಯಿತು. ಅಷ್ಟರಲ್ಲಿ ಗುಬ್ಬಿಯ ಕಂಪೆನಿಯೇ ಮೊದಲಾದ ನಾಟಕಮಂಡಲಿಗಳ ರಂಗದ ಮೇಲೂ ಹಳ್ಳಿಯ ರಾಮಮಂದಿರಗಳಲ್ಲಿಯೂ ಅದು ಮನೆಯವನಂತೆ ಕುಳಿತಾಗಿತ್ತು. ಈಗ ಹೊಸ ವಾದ್ಯವನ್ನು ಕಂಡು ಹುಬ್ಬುಗಂಟಿಕ್ಕುವ ಹಿರಿಯರ ಮಡಿಲಲ್ಲಿಯೇ ಆ ಹಾರ್ಮೋನಿಯಂ ಇರುವುದು ವಿನೋದವಾಗಿದೆ. ಹೊಸದೆಲ್ಲ ಒಳ್ಳೆಯದೆಂದು ಇದರಿಂದ ಸಿದ್ಧವಾಗದು. ಹೊಸದೆಂಬುದು ಬಿಡುವುದಕ್ಕೆ ಸಾಕಾದ ಕಾರಣವಲ್ಲ, ಹಳೆಯದೆಂಬುದು ಇಟ್ಟುಕೊಳ್ಳುವುದಕ್ಕೆ ಸಾಕಾದ ಕಾರಣವಲ್ಲ, ಎಂಬಷ್ಟು ಸಿದ್ಧವಾಗುವುದು.

ಗುಬ್ಬಿಯ ಹೆಸರು ಬಂದುದರಿಂದ ಇನ್ನೊಂದು ಮಾತು. ಅಲ್ಲಿನ ಶ್ರೀ ಚನ್ನಬಸವೇಶ್ವರ ನಾಟಕ ಕಂಪೆನಿಯು 1884ರಲ್ಲಿ ಹುಟ್ಟಿದಾಗ ವೀರಣ್ಣನವರು ಇನ್ನೂ ಜನಿಸಿರಲಿಲ್ಲ. ಅವರು ಬಾಲನಟರಾಗಿ ಅದನ್ನು ಸೇರಿದರು. ಮುಂದೆ ಅದರ ಒಡೆಯರಾದರು. ಕಡೆಗೆ ಕಂಪೆನಿಯ ಹೆಸರೂ ಅವರ ಹೆಸರೂ ಒಂದೇ ಆಗಿಹೋಯಿತು. ಅದು ಭಜನೆಯ ಮೇಳವಲ್ಲ, ನಿಜ. ಆದರೂ ಕಟ್ಟಿದವರು ಆ ಚಿಕ್ಕ ಹುಡುಗನಿಗೆ ಜಾಗ ಕೊಡದೆ ಇದ್ದಿದ್ದರೆ ಕಟ್ಟಿದವರ ಹೆಸರೂ ಇಂದು ಉಳಿಯುತ್ತಿರಲಿಲ್ಲವೆಂಬುದು ನೆನಪಿಡತಕ್ಕುದು.

ದಾಸಪಂಥದ ಚರಿತ್ರೆಯೂ ಇದನ್ನೇ ಸಾರುವುದು. ಪುರಂದರದಾಸರೂ ಕನಕದಾಸರೂ ಕಣ್ಮರೆಯಾದ ಮೇಲೆ ಆ ಪ್ರವಾಹವು ಬಹುಕಾಲ ತೆಳುವಾಗಿ ಹರಿಯಿತು. 18ನೆಯ ಶತಮಾನದಲ್ಲಿ ವಿಜಯದಾಸರಿಂದ ಮತ್ತೆ ತುಂಬಿತು. ಆ ವಿಜಯದಾಸರನ್ನು ಮೊದಲು ಕಡೆಗಣ್ಣಿನಿಂದ ಕಂಡ ಸಂಸ್ಕೃತ ವಿದ್ವಾಂಸರೊಬ್ಬರು ತರುವಾಯ ಅದೇ ಪಂಥಕ್ಕೆ ಸೇರಿ ಜಗನ್ನಾಥದಾಸರಾದರೆಂದು ಸಂಪ್ರದಾಯದಲ್ಲಿ ಹೇಳುವರು. ಹರಿಕಥಾಮೃತಸಾರವು ಅವರ ಕೃತಿ. ನಿಂದಿಸಿದವನು ಬಾಗಿಲಿಗೆ ಬಂದಾಗ ಹಳೆಯ ಲೆಕ್ಕವನ್ನು ತೆಗೆದಿದ್ದರೆ ಕನ್ನಡಕ್ಕೆ ಆ ಗ್ರಂಥ ದೊರೆಯುತ್ತಿತ್ತೆ? ಹೆಳವನಕಟ್ಟೆ ಗಿರಿಯಮ್ಮನವರಂತಹ ಸ್ತ್ರೀಯರ ಕೊರಳು ಆ ಪಂಥದಲ್ಲಿ ಕೇಳಿಬಂದುದೂ ಅದೇ ಶತಮಾನದಲ್ಲಿ. ಅದಕ್ಕೂ ಆರು ಶತಮಾನಗಳ ಹಿಂದೆ ಕಲ್ಯಾಣದ ಶರಣರ ಗೋಷ್ಠಿಗೆ ಅಂಬಿಗರ ಚೌಡಯ್ಯನೂ ಮಡಿವಾಳ ಮಾಚಯ್ಯನೂ ಡೋಹರ ಕಕ್ಕಯ್ಯನೂ ಅಕ್ಕ ಮಹಾದೇವಿಯೂ ತಂದುದು ಬರಿಯ ಉತ್ಸಾಹವನ್ನಲ್ಲ. ತಮ್ಮ ತಮ್ಮ ಕಾಯಕದ, ತಮ್ಮ ತಮ್ಮ ನೋವಿನ ಮಾತನ್ನು. ಭಕ್ತಿಯ ಭಾಷೆ ವಿಸ್ತಾರವಾದುದು ಹಾಗೆ.

ಇಷ್ಟನ್ನೂ ಒಪ್ಪಿದ ಮೇಲೆ ಒಂದು ಕಠಿನವಾದ ಪ್ರಶ್ನೆ ಉಳಿಯುವುದು. ಹೊಸಬರನ್ನು ಚೈತನ್ಯಕ್ಕಾಗಿ ಬರಮಾಡಿಕೊಳ್ಳಬೇಕೆಂದರೆ, ಚೈತನ್ಯವನ್ನು ತಾರದ ಹೊಸಬನ ಗತಿಯೇನು? ಗೋಷ್ಠಿಗೆ ಬರುವವರೆಲ್ಲ ಇಂಪಾದ ಕೊರಳಿನವರಲ್ಲ. ಹೆಂಡತಿಯನ್ನು ಕಳೆದುಕೊಂಡು ಸಂಜೆಯ ಹೊತ್ತು ಮನೆಯಲ್ಲಿ ಕೂರಲಾರದೆ ಬಂದವನಿರಬಹುದು. ವರ್ಗವಾಗಿ ಹೊಸ ಊರಿಗೆ ಬಂದು ಮಾತಿಗೆ ಜನವಿಲ್ಲದ ಗುಮಾಸ್ತನಿರಬಹುದು. ಶ್ರುತಿ ಸೇರದ, ತಾಳ ನಿಲ್ಲದ, ಆದರೆ ಒಂದು ವಾರವೂ ತಪ್ಪದೆ ಬರುವ ಮುದುಕಿಯಿರಬಹುದು. ಇವರು ಗೋಷ್ಠಿಗೆ ಏನನ್ನೂ ಕೊಡಲು ಬಂದವರಲ್ಲ. ಏನನ್ನೋ ಬೇಡಲು ಬಂದವರು. ಹುರುಪಿನ ಲೆಕ್ಕದಲ್ಲಿ ಅಳೆದರೆ ಇವರು ಹೊರೆಯೇ ಸರಿ.

ಇಲ್ಲಿಯೇ ಭಜನೆಗೂ ಸಂಗೀತಕಚೇರಿಗೂ ಇರುವ ಅಂತರ ತಿಳಿಯುವುದು. ಕಚೇರಿಯಲ್ಲಿ ಹಾಡುವವರು ಬೇರೆ, ಕೇಳುವವರು ಬೇರೆ. ಕೇಳುವವರಿಗಾಗಿ ಅಪಸ್ವರವನ್ನು ದೂರವಿಡುವುದು ಅಲ್ಲಿ ಧರ್ಮ. ಭಜನೆಯಲ್ಲಿ ಕೇಳುವವನೆಂದು ಬೇರೆ ಯಾರೂ ಇಲ್ಲ. ಇರುವವನು ಒಬ್ಬನೇ, ಅವನು ಶ್ರುತಿಯ ಪೆಟ್ಟಿಗೆಯನ್ನು ಎದುರಿಗಿಟ್ಟುಕೊಂಡು ಕುಳಿತವನಲ್ಲ. ಭಜನೆಯ ಹಾಡುಗಳ ರಚನೆಯೇ ಇದನ್ನು ಹೇಳುವುದು. ಪಲ್ಲವಿ ಚಿಕ್ಕದು, ಸುಲಭವಾದುದು, ಮತ್ತೆ ಮತ್ತೆ ಬರುವುದು. ಚರಣಗಳು ಉದ್ದವಾದುವು, ಬದಲಾಗುವುವು. ಬಲ್ಲವನು ಚರಣವನ್ನು ಹೇಳುವನು; ಬಾರದವನು ಪಲ್ಲವಿಯ ಹೊತ್ತಿಗೆ ಸೇರಿಕೊಳ್ಳುವನು. ಬಂದ ಮೊದಲನೆಯ ಸಂಜೆಯೇ ಬಾಯಿ ತೆರೆಯಲು ಅವಕಾಶವಿರಲೆಂದು ಪಲ್ಲವಿಯನ್ನು ಹೀಗೆ ಇಟ್ಟರೋ ಎಂಬಂತಿದೆ. ಬಾರದವನನ್ನು ಎಬ್ಬಿಸಿ ಕಳುಹಿಸುವ ಗೋಷ್ಠಿಯಲ್ಲಿ ಆ ಪಲ್ಲವಿಗೆ ಅರ್ಥವಿಲ್ಲ.

ಹಾಗೆಂದು ಸ್ವರ ಕೆಟ್ಟರೆ ಕೆಡಲಿ ಎಂದು ಸುಮ್ಮನಿರುವುದು ಉದಾರತೆಯಾಗದು, ಅದು ಉಪೇಕ್ಷೆ. ಶ್ರುತಿ ಸೇರದವನನ್ನು ಗಟ್ಟಿಯಾದ ಕೊರಳಿನವನ ಪಕ್ಕದಲ್ಲಿ ಕೂರಿಸಬಹುದು. ಕೈಗೆ ತಾಳ ಕೊಟ್ಟು ಲಯವನ್ನು ಕಲಿಸಬಹುದು. ಗೋಷ್ಠಿ ಮುಗಿದ ಮೇಲೆ, ಎಲ್ಲರ ಎದುರಿಗಲ್ಲದೆ, ಎರಡು ಸಾಲು ಹೇಳಿಕೊಡಬಹುದು. ಇದಕ್ಕೆ ಸಹನೆ ಬೇಕು. ಆ ಸಹನೆಯು ಹಾಡಿನಷ್ಟೇ ಭಜನೆಯ ಅಂಗವೆಂದು ತಿಳಿದವರಿಗೆ ಅದು ಕಷ್ಟವೆನಿಸದು. ಹೊಸಬನನ್ನು ಉರಿಯುವ ದೀಪಕ್ಕೆ ಎಣ್ಣೆಯೆಂದು ಎಣಿಸಿ ಕರೆಯುವುದು ಅವನಿಗೆ ಮಾಡುವ ಗೌರವವಲ್ಲ. ಎಣ್ಣೆ ಮುಗಿದರೆ ಬೇರೆ ಎಣ್ಣೆ ತರುವರು. ಮನುಷ್ಯನನ್ನು ಹಾಗೆ ಕಾಣಕೂಡದು. ಅವನು ಅವನಾಗಿ ಬಂದನೆಂಬುದೇ ಬರಮಾಡಿಕೊಳ್ಳಲು ಸಾಕಾದ ಕಾರಣ. ವಿಚಿತ್ರವೆಂದರೆ, ಹೀಗೆ ಲಾಭವನ್ನು ನೋಡದೆ ಕರೆದ ಗೋಷ್ಠಿಗೇ ಚೈತನ್ಯ ಬರುವುದು. ಚೈತನ್ಯಕ್ಕಾಗಿ ಜನವನ್ನು ಹುಡುಕುವ ಗೋಷ್ಠಿಯಲ್ಲಿ ಅದು ನಿಲ್ಲದು.

ಬಾಗಿಲಿಗೆ ಬಂದವರ ಮಾತು ಇದಾಯಿತು. ಬಾಗಿಲಿಗೆ ಬಾರದವರ ಮಾತೂ ಒಂದಿದೆ. 1950ರಲ್ಲಿ ಜಾರಿಗೆ ಬಂದ ರಾಜ್ಯಾಂಗವು ಅಸ್ಪೃಶ್ಯತೆಯನ್ನು ತೊಡೆದುಹಾಕಿತು. ಕಾನೂನು ಗುಡಿಯ ಬಾಗಿಲನ್ನು ತೆರೆಯಿಸಬಲ್ಲದು. ಭಜನೆಯ ಚಾಪೆಯ ಮೇಲೆ ಜಾಗ ಮಾಡಿಸಲಾರದು. ಕುಳಿತವನು ತಾನಾಗಿ ಒಂದು ಗೇಣು ಸರಿದು ಕುಳಿತಾಗಲೇ ಆ ಜಾಗ ಉಂಟಾಗುವುದು. ಕನಕದಾಸರ ಪದಗಳನ್ನು ಕಣ್ಣೊದ್ದೆಯಾಗಿ ಹಾಡಿ, ಅವರನ್ನು ಹೊರಗೆ ನಿಲ್ಲಿಸಿದರೆಂಬ ಉಡುಪಿಯ ಐತಿಹ್ಯವನ್ನು ಮರುಕದಿಂದ ಹೇಳಿ, ತಮ್ಮ ಊರಿನ ಕೇರಿಯಿಂದ ಒಬ್ಬರನ್ನೂ ಕರೆಯದಿರುವ ಗೋಷ್ಠಿಯು ತಾನು ಹಾಡಿದುದನ್ನು ತಾನೇ ಕೇಳಿಲ್ಲ. ಅಲ್ಲಿ ಕೀರ್ತನೆಯುಂಟು, ಶ್ರವಣವಿಲ್ಲ.

ಹೊಸಬರ ಕರ್ತವ್ಯವನ್ನೂ ಹೇಳದೆ ಮುಗಿಸಿದರೆ ನ್ಯಾಯವಾಗದು. ಹುಲ್ಲಿನ ಬೆಂಕಿ ಬೇಗ ಮೇಲೇಳುವುದು, ಬೇಗ ಆರುವುದು. ಮೂರು ತಿಂಗಳು ಮುಂದಾಳಾಗಿ ನಿಂತು, ನಾಲ್ಕನೆಯ ತಿಂಗಳು ಕಾಣದೆ ಹೋಗುವವನು ಗೋಷ್ಠಿಯನ್ನು ಮೊದಲಿದ್ದುದಕ್ಕಿಂತ ಬಡವಾಗಿಸಿ ಹೋಗುವನು. ಯಾರೂ ಬಾರದ ಮಳೆಯ ಶನಿವಾರಗಳಲ್ಲಿ ದೀಪ ಹಚ್ಚಿದವರು ಹಳಬರು. ಇಬ್ಬರೇ ಕುಳಿತು ಹಾಡಿದ ಆ ಸಂಜೆಗಳಿಲ್ಲದಿದ್ದರೆ ಹೊಸಬನಿಗೆ ಬಂದು ಸೇರಲು ಗೋಷ್ಠಿಯೆಂಬುದೇ ಇರುತ್ತಿರಲಿಲ್ಲ. ಅವನ ಹುರುಪಿಗೆ ನೆಲೆಯಾದುದು ಅವರ ಛಲ. ಇದನ್ನು ಅರಿತ ಹೊಸಬನು ಮಟ್ಟನ್ನು ಬದಲಿಸುವುದಕ್ಕೆ ಮುಂಚೆ ಹಳೆಯ ಮಟ್ಟನ್ನು ಪೂರ್ತಿಯಾಗಿ ಕಲಿಯುವನು. ಕಲಿತ ಮೇಲೆ ಬದಲಿಸಬೇಕೆನಿಸಿದರೆ ಅವನ ಮಾತಿಗೆ ತೂಕವಿರುವುದು.

ದೇವರಾಯನದುರ್ಗದ ಬುಡದಲ್ಲಿ ನಾಮದ ಚಿಲುಮೆಯೆಂಬ ಒರತೆಯಿದೆ. ಶ್ರೀರಾಮನು ನಾಮವನ್ನು ತೇಯುವುದಕ್ಕೆ ನೀರಿಲ್ಲದೆ ಬಾಣದಿಂದ ಬಂಡೆಯನ್ನು ಭೇದಿಸಿದನೆಂದು ಜನ ಹೇಳುವರು. ಜಯಮಂಗಲಿಯ ಹುಟ್ಟೂ ಇದೇ ಬೆಟ್ಟದಲ್ಲಿ. ಅದು ಉತ್ತರಕ್ಕೆ ಹರಿದು ಪಿನಾಕಿನಿಯನ್ನು ಸೇರುವುದು. ಚಿಲುಮೆಯ ನೀರು ದಿನದಿನಕ್ಕೆ ಹೊಸದು. ಕಲ್ಲಿನ ಕುಳಿ ಮಾತ್ರ ಹಳೆಯದು. ಕುಳಿಯಿಲ್ಲದಿದ್ದರೆ ನೀರು ಚದರಿ ಇಂಗುವುದು. ನೀರಿಲ್ಲದಿದ್ದರೆ ಕುಳಿ ಬರಿಯ ಕಲ್ಲು. ಗೋಷ್ಠಿಯ ಹಳಬರೂ ಹೊಸಬರೂ ಈ ಬಗೆಯಲ್ಲಿ ಒಬ್ಬರಿಗೊಬ್ಬರು ಬೇಕಾದವರು.

ಆದರೆ ಕಲ್ಲಿಗೂ ನೀರಿಗೂ ಇಲ್ಲದ ಒಂದು ಭಾಗ್ಯ ಮನುಷ್ಯರಿಗುಂಟು. ಇಂದಿನ ಹೊಸಬನು ನಾಳೆಯ ಹಳಬನಾಗುವನು. ಇಂದು ತನಗೆ ಜಾಗ ಮಾಡಿಕೊಟ್ಟ ರೀತಿಯನ್ನು ನೆನೆದು ನಾಳೆ ಬರುವವನಿಗೆ ಅವನು ಜಾಗ ಮಾಡಿಕೊಡುವನು. ಮಾಡಿಕೊಡದಿದ್ದರೆ ಅದನ್ನೂ ನೆನೆದೇ ಮಾಡಿಕೊಡದಿರುವನು. ಆದುದರಿಂದ ಹಿರಿಯರು ಒಬ್ಬ ಹೊಸಬನನ್ನು ಬರಮಾಡಿಕೊಳ್ಳುವಾಗ ತಮ್ಮ ಕಣ್ಣಿಗೆ ಕಾಣದ ಅನೇಕರನ್ನು ಬರಮಾಡಿಕೊಳ್ಳುತ್ತಿರುವರು. ತಮ್ಮ ಕೊರಳು ನಿಂತ ಮೇಲೆಯೂ ಹಾಡು ನಡೆಯಬೇಕೆಂಬ ಆಶೆ ಅವರಿಗೆ ನಿಜವಾಗಿ ಇದ್ದರೆ, ತಾಳವನ್ನು ಕೈಯಲ್ಲಿ ಬಲವಿರುವಾಗಲೇ ಇನ್ನೊಬ್ಬನ ಕೈಗೆ ಕೊಟ್ಟು, ಅವನು ತಪ್ಪುವುದನ್ನು ಪಕ್ಕದಲ್ಲಿ ಕುಳಿತು ತಾಳ್ಮೆಯಿಂದ ಕೇಳುವುದು ಅವರ ಸೇವೆಯ ಕಡೆಯ ಭಾಗ. ಬಹುಶಃ ಅದೇ ಉತ್ತಮವಾದ ಭಾಗ.